ಈಬೈ: ತೊಂಬತ್ತು ದ್ವೀಪಗಳಿರುವಾಗ ಒಂದರಲ್ಲೇ ಇಷ್ಟು ಜನ ಏಕೆ?

ಪ್ರಶ್ನೆ: ಭೂಪಟಪ್ರಿಯ

ಎಲ್ಲರಿಗೂ ನಮಸ್ಕಾರ. ನಾನು ಪದವಿಪೂರ್ವ ಕಾಲೇಜೊಂದರಲ್ಲಿ ಭೂಗೋಳ ಕಲಿಸುತ್ತೇನೆ. ಜನಸಾಂದ್ರತೆಯ ಪಾಠಕ್ಕೆ ಪಠ್ಯದಲ್ಲಿಲ್ಲದ ಉದಾಹರಣೆಯೊಂದನ್ನು ಹುಡುಕುತ್ತಿದ್ದಾಗ ಪೆಸಿಫಿಕ್ ಸಾಗರದ ಮಾರ್ಷಲ್ ದ್ವೀಪಗಳಲ್ಲಿರುವ ಈಬೈ ಎಂಬ ಪುಟ್ಟ ದ್ವೀಪದ ವಿವರಗಳು ಸಿಕ್ಕವು. ಅದರ ವಿಸ್ತೀರ್ಣ ಸುಮಾರು 80 ಎಕರೆ, ಅಂದರೆ ಬೆಂಗಳೂರಿನ ಲಾಲ್‌ಬಾಗಿನ ಮೂರನೆಯ ಒಂದು ಪಾಲು. 2011ರ ಜನಗಣತಿಯ ಪ್ರಕಾರ ಅಲ್ಲಿದ್ದವರು 9,614 ಮಂದಿ. ಚದರ ಕಿಲೋಮೀಟರಿಗೆ 25,000ವನ್ನೂ ಮೀರುವ ಸಾಂದ್ರತೆ ಇದು. ಬಹುಮಹಡಿ ಕಟ್ಟಡಗಳ ಮಹಾನಗರದಲ್ಲಾದರೆ ಈ ಸಂಖ್ಯೆಗೆ ಯಾರೂ ಹುಬ್ಬೇರಿಸುವುದಿಲ್ಲ. ಆದರೆ ಈಬೈಯಲ್ಲಿರುವುದು ಬಹುಪಾಲು ಒಂದೇ ಅಂತಸ್ತಿನ, ಪ್ಲೈವುಡ್ಡು ಮತ್ತು ತಗಡಿನ ಮನೆಗಳು.

ನನ್ನ ಗೊಂದಲ ಇಷ್ಟು. ಈಬೈ ಸಮುದ್ರದ ನಡುವೆ ಒಂಟಿಯಾಗಿ ನಿಂತ ದ್ವೀಪವೇನಲ್ಲ. ಅದು ಕ್ವಾಜಲೀನ್ ಅಟಾಲ್ ಎಂಬ ಹವಳದ ಉಂಗುರದ ಒಂದು ಚೂರು. ಆ ಉಂಗುರದಲ್ಲಿ ತೊಂಬತ್ತಕ್ಕೂ ಹೆಚ್ಚು ಸಣ್ಣ ದ್ವೀಪಗಳಿದ್ದು, ಅವು 2,100 ಚದರ ಕಿಲೋಮೀಟರಿಗಿಂತ ದೊಡ್ಡದಾದ ಒಂದು ಲಗೂನನ್ನು, ಅಂದರೆ ಒಳಗಡಲನ್ನು, ಸುತ್ತುವರಿದಿವೆ. ತರಗತಿಯಲ್ಲಿ ಭೂಪಟ ತೋರಿಸಿದಾಗ ಒಬ್ಬ ವಿದ್ಯಾರ್ಥಿನಿ, "ಸರ್, ಅಷ್ಟು ಇಕ್ಕಟ್ಟಾದರೆ ಪಕ್ಕದ ದ್ವೀಪಕ್ಕೆ ಹೋಗಿ ಮನೆ ಕಟ್ಟಬಹುದಲ್ಲ?" ಎಂದು ಕೇಳಿದಳು. ನ್ಯಾಯವಾದ ಪ್ರಶ್ನೆ. ಅಮೆರಿಕದ ಕ್ಷಿಪಣಿ ಪರೀಕ್ಷಾ ಕೇಂದ್ರ ಅಲ್ಲಿದೆ ಎಂಬುದನ್ನು ಬಿಟ್ಟರೆ ಹೆಚ್ಚಿನದನ್ನು ಹೇಳಲು ನನ್ನಿಂದಾಗಲಿಲ್ಲ.

ಇದರ ಜೊತೆಗೆ ಇನ್ನೊಂದು ಪ್ರಶ್ನೆಯೂ ಇದೆ. ಆ ಕೇಂದ್ರಕ್ಕಾಗಿ ಅಮೆರಿಕವು ವರ್ಷಕ್ಕೆ ಒಂದೂವರೆ ಕೋಟಿ ಡಾಲರಿಗೂ ಹೆಚ್ಚು ಬಾಡಿಗೆ ಕೊಡುತ್ತದೆ ಎಂದು ಓದಿದೆ. ಹತ್ತು ಸಾವಿರಕ್ಕಿಂತ ಕಡಿಮೆ ಜನರಿರುವ ಊರಿಗೆ ಅದು ಸಣ್ಣ ಮೊತ್ತವಲ್ಲ. ಹಾಗಿದ್ದರೂ ಈ ಸ್ಥಿತಿ ಏಕೆ? ಹೊರಗಿನವರು ಈ ದ್ವೀಪಕ್ಕೆ "ಪೆಸಿಫಿಕ್ಕಿನ ಕೊಳೆಗೇರಿ" ಎಂದು ಹೆಸರಿಟ್ಟಿದ್ದಾರೆ. ಕಾರಣ ತಿಳಿಯದೆ ಆ ಮಾತನ್ನು ಮಕ್ಕಳ ಮುಂದೆ ಆಡಲು ನನಗೆ ಮನಸ್ಸಿಲ್ಲ. ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ: ಇತಿಹಾಸಾಸಕ್ತ

ಭೂಪಟಪ್ರಿಯ ಅವರೇ, ನಿಮ್ಮ ವಿದ್ಯಾರ್ಥಿನಿಯ ಪ್ರಶ್ನೆಗೆ ನೇರವಾದ ಉತ್ತರವೆಂದರೆ, ಈಬೈಯ ಜನರಲ್ಲಿ ಅನೇಕರು ಅಥವಾ ಅವರ ಹಿರಿಯರು ಆ ಪಕ್ಕದ ದ್ವೀಪಗಳಲ್ಲೇ ಇದ್ದವರು. ಅವರನ್ನು ಅಲ್ಲಿಂದ ಎಬ್ಬಿಸಿ ಈಬೈಗೆ ತರಲಾಯಿತು. ಜನಸಂಖ್ಯೆ ತಾನಾಗಿಯೇ ಉಕ್ಕಿ ಹರಿದು ಇಕ್ಕಟ್ಟಾದ ಊರು ಇದಲ್ಲ. ಸಾಂದ್ರತೆಯ ಪಾಠಕ್ಕೆ ನೀವು ಈ ಊರನ್ನು ಆರಿಸಿಕೊಂಡಿರುವುದು ಒಳ್ಳೆಯದೇ ಆಯಿತು, ಏಕೆಂದರೆ ಜನರನ್ನು ವಿಸ್ತೀರ್ಣದಿಂದ ಭಾಗಿಸಿ ಬರುವ ಅಂಕಿಯಲ್ಲಿ ಕಾರಣ ಕಾಣುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ಗೊತ್ತಿಲ್ಲ.

ಹಿಂದಿನದನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಜರ್ಮನರು ಕೊಬ್ಬರಿಯ ವ್ಯಾಪಾರಕ್ಕಾಗಿ ಮಾರ್ಷಲ್ ದ್ವೀಪಗಳನ್ನು ಹಿಡಿದರು. 1914ರಲ್ಲಿ ಜಪಾನ್ ಅವನ್ನು ಕಿತ್ತುಕೊಂಡು ಆಮೇಲೆ ರಾಷ್ಟ್ರಸಂಘದ ಆದೇಶದ ಹೆಸರಿನಲ್ಲಿ ಆಳಿತು. ಎರಡನೆಯ ಮಹಾಯುದ್ಧದ ಹೊತ್ತಿಗೆ ಕ್ವಾಜಲೀನ್ ಜಪಾನಿನ ದೊಡ್ಡ ಸೇನಾನೆಲೆಯಾಗಿತ್ತು, ಈಬೈಯಲ್ಲಿ ಜಲವಿಮಾನಗಳ ನಿಲ್ದಾಣವಿತ್ತು. 1944ರ ಜನವರಿ 31ರಂದು ಅಮೆರಿಕದ ಪಡೆಗಳು ಅಟಾಲ್‌ಗೆ ಇಳಿದವು. ಒಂದು ವಾರದೊಳಗೆ ಕಾಳಗ ಮುಗಿದಾಗ ಸಾವಿರಾರು ಜಪಾನೀ ಸೈನಿಕರೂ ಅವರು ಬಲವಂತವಾಗಿ ಕರೆತಂದಿದ್ದ ಕೊರಿಯದ ಕಾರ್ಮಿಕರೂ ಸತ್ತಿದ್ದರು, ಮರಗಳೆಲ್ಲ ಸುಟ್ಟು ಬೋಳಾಗಿದ್ದವು.

ನಮ್ಮ ಕಥೆ ಶುರುವಾಗುವುದು ಇಲ್ಲಿಂದ. ಯುದ್ಧಾನಂತರ ಅಮೆರಿಕದ ನೌಕಾಪಡೆ ಅಟಾಲ್‌ನ ಅತಿ ದೊಡ್ಡ ದ್ವೀಪವಾದ ಕ್ವಾಜಲೀನ್‌ನಲ್ಲಿ ನೆಲೆ ಕಟ್ಟಿಕೊಂಡಿತು. ಬಿಕಿನಿ ಮತ್ತು ಎನೆವೆಟಾಕ್ ಅಟಾಲ್‌ಗಳಲ್ಲಿ 1946ರಿಂದ 1958ರವರೆಗೆ ನಡೆದ 67 ಅಣ್ವಸ್ತ್ರ ಪರೀಕ್ಷೆಗಳಿಗೆ ಬೇಕಾದ ಸರಬರಾಜು ಈ ನೆಲೆಯ ಮೂಲಕ ಸಾಗುತ್ತಿತ್ತು. ನೆಲೆಯ ಕೂಲಿ ಕೆಲಸಕ್ಕೆ ಮಾರ್ಷಲ್ ಜನರೇ ಬೇಕಾಗಿತ್ತು, ಆದರೆ ಅವರ ವಾಸದ ಶಿಬಿರ ನೆಲೆಯೊಳಗೆ ಇರುವುದು ಬೇಡವಾಯಿತು. 1951ರಲ್ಲಿ ಆ ಶಿಬಿರವನ್ನು, ಅದರಲ್ಲಿದ್ದ ಕೆಲವು ನೂರು ಜನರ ಸಮೇತ, ಐದು ಕಿಲೋಮೀಟರ್ ಉತ್ತರಕ್ಕಿರುವ ಈಬೈಗೆ ಸಾಗಿಸಲಾಯಿತು. ಯುದ್ಧಕ್ಕೆ ಮೊದಲು ಅಲ್ಲಿ ವಾಸವಿದ್ದವರು ಬೆರಳೆಣಿಕೆಯ ಮಂದಿ.

ಎರಡನೆಯ ಅಲೆ 1960ರ ದಶಕದ್ದು. ಖಂಡಾಂತರ ಕ್ಷಿಪಣಿಗಳನ್ನು ಆಕಾಶದಲ್ಲೇ ಹೊಡೆದುರುಳಿಸುವ ನೈಕಿ-ಜ್ಯೂಸ್ ಯೋಜನೆಯ ಪ್ರಯೋಗಗಳಿಗೆ ಕ್ವಾಜಲೀನ್ ಆಯ್ಕೆಯಾಯಿತು, 1964ರಲ್ಲಿ ನೌಕಾಪಡೆಯಿಂದ ಭೂಸೇನೆಯ ಕೈಗೆ ಬಂದಿತು. ಕ್ಯಾಲಿಫೋರ್ನಿಯಾದ ವ್ಯಾಂಡೆನ್‌ಬರ್ಗ್‌ನಿಂದ ಹಾರಿಸಿದ ಕ್ಷಿಪಣಿಗಳು ಸುಮಾರು 6,700 ಕಿಲೋಮೀಟರ್ ದಾಟಿ ಬೀಳಬೇಕಾದದ್ದು ಈ ಲಗೂನಿನ ಸುತ್ತಮುತ್ತ. ಗುರಿ ತಪ್ಪಿದರೆ ಜನರ ಮೇಲೆ ಬೀಳಬಾರದೆಂಬ ಕಾರಣಕ್ಕೆ ಲಗೂನಿನ ನಡುಭಾಗದ ದ್ವೀಪಗಳಲ್ಲಿದ್ದ ನೂರಾರು ಮಂದಿಯನ್ನು 1960ರ ದಶಕದ ನಡುವಿನಲ್ಲಿ ಈಬೈಗೆ ತಂದು ಬಿಟ್ಟರು. ಮೊದಮೊದಲು ಅವರಿಗೆ ಕೊಟ್ಟ ಪರಿಹಾರ ತಲೆಗೆ ತಿಂಗಳಿಗೆ 25 ಡಾಲರ್. ತಮ್ಮ ದ್ವೀಪದಲ್ಲಿ ಮೀನು, ತೆಂಗು, ಹಲಸಿನ ಜಾತಿಯ ಬ್ರೆಡ್‌ಫ್ರೂಟ್, ಕೇದಗೆಯ ಜಾತಿಯ ಪಾಂಡಾನಸ್ ಹಣ್ಣು, ಕೆಸುವಿನ ಗೆಡ್ಡೆ ಇವುಗಳಿಂದ ಹೊಟ್ಟೆ ಹೊರೆದುಕೊಳ್ಳುತ್ತಿದ್ದವರು, ಈಬೈಯಲ್ಲಿ ಗಿಡ ನೆಡಲು ಜಾಗವಿಲ್ಲದೆ, ಅಕ್ಕಿಯನ್ನೂ ಡಬ್ಬಿಯ ಮಾಂಸವನ್ನೂ ಕೊಂಡು ತಿನ್ನಬೇಕಾಯಿತು.

ಮೂರನೆಯವರು ತಾವಾಗಿ ಬಂದವರು. ನೆಲೆಯ ಕೂಲಿ ದೇಶದಲ್ಲೇ ಹೆಚ್ಚಿನದಾಗಿದ್ದರಿಂದ ಬೇರೆ ಅಟಾಲ್‌ಗಳಿಂದ ಜನ ಬಂದರು. ಬಂದವರನ್ನು ನೆಂಟರು ಮನೆಯೊಳಗೆ ಸೇರಿಸಿಕೊಂಡರು, ಏಕೆಂದರೆ ಮಾರ್ಷಲ್ ಸಮಾಜದಲ್ಲಿ ರಕ್ತಸಂಬಂಧಿಯನ್ನು ಬಾಗಿಲಲ್ಲಿ ನಿಲ್ಲಿಸುವ ಪದ್ಧತಿಯಿಲ್ಲ. ಅಣುಪರೀಕ್ಷೆಯ ವಿಕಿರಣಕ್ಕೆ ಸಿಕ್ಕಿದ ರೊಂಗೆಲಾಪ್ ಅಟಾಲ್‌ನವರು 1985ರಲ್ಲಿ ಊರು ತೊರೆದಾಗ ಅವರು ಬಂದದ್ದೂ ಇದೇ ಕ್ವಾಜಲೀನ್ ಅಟಾಲ್‌ನ ಮೆಜಾಟೊ ದ್ವೀಪಕ್ಕೆ; ಅವರಲ್ಲಿ ಹಲವರು ಮುಂದೆ ಈಬೈ ಸೇರಿದರು. ಹೀಗೆ 1960ರ ದಶಕದ ಕೊನೆಗೇ ನಾಲ್ಕು ಸಾವಿರ ಮೀರಿದ್ದ ಸಂಖ್ಯೆ 1980ರ ದಶಕದ ಕೊನೆಯಲ್ಲಿ ಎಂಟು ಸಾವಿರ ದಾಟಿತು.

ಈಗ ಪಕ್ಕದ ದ್ವೀಪಗಳ ಮಾತು. ಅಟಾಲ್‌ನ 11 ದ್ವೀಪಗಳು ಅಮೆರಿಕದ ಗುತ್ತಿಗೆಯಲ್ಲಿವೆ. ನಡುಭಾಗದ ದ್ವೀಪಗಳಿಗೆ ಅವುಗಳ ಒಡೆಯರು ಹೋಗಬೇಕಾದರೂ ಪರೀಕ್ಷೆಗಳಿಲ್ಲದ ಅವಧಿಯನ್ನು ಕಾಯಬೇಕು. ಉಳಿದವುಗಳಲ್ಲಿ ಬಹುಪಾಲು ಕೆಲವೇ ಎಕರೆಯ ಮರಳುದಿಣ್ಣೆಗಳು, ನೀರಿಲ್ಲ, ದೋಣಿಗಟ್ಟೆಯಿಲ್ಲ. ಅಟಾಲ್‌ನ ಎಲ್ಲ ದ್ವೀಪಗಳ ನೆಲವನ್ನು ಕೂಡಿಸಿದರೂ 16 ಚದರ ಕಿಲೋಮೀಟರ್ ಆಸುಪಾಸು, ಅದರಲ್ಲಿ ಒಳ್ಳೆಯ ನೆಲವೆಲ್ಲ ಗುತ್ತಿಗೆಯ ಪಾಲು. ಈಬೈಯಿಂದ ಉತ್ತರಕ್ಕೆ ಗುಗೀಗು ಎಂಬ ದ್ವೀಪದವರೆಗೆ ಹವಳದ ದಂಡೆಯ ಮೇಲೆ ಏರಿರಸ್ತೆ ಕಟ್ಟಿ ಜನರನ್ನು ಹರಡಿಸುವ ಪ್ರಯತ್ನವೊಂದು ನಡೆದಿದೆ. ಅಲ್ಲಿ ಪ್ರೌಢಶಾಲೆಯೂ ಇದೆ. ಆದರೂ ದೋಣಿ, ಆಸ್ಪತ್ರೆ, ಅಂಗಡಿ ಎಲ್ಲ ಈಬೈಯಲ್ಲೇ ಇರುವುದರಿಂದ ಹೆಚ್ಚು ಮಂದಿ ಕದಲಿಲ್ಲ.

ಉತ್ತರ: ಗೇಣಿ-ಗುತ್ತಿಗೆ

ಬಾಡಿಗೆಯ ಹಣದ ಬಗ್ಗೆ ಕೇಳಿದ್ದೀರಿ. ಅದು ತಿಳಿಯಬೇಕಾದರೆ ಅಲ್ಲಿನ ಭೂಹಿಡುವಳಿ ತಿಳಿದಿರಬೇಕು.

ಮಾರ್ಷಲ್ ದ್ವೀಪಗಳಲ್ಲಿ ಭೂಮಿಯನ್ನು ವೆಟೊ ಎಂಬ ಪಟ್ಟಿಗಳಾಗಿ ಹಂಚಿಕೊಂಡಿರುತ್ತಾರೆ. ಒಂದೊಂದು ಪಟ್ಟಿಯೂ ಲಗೂನಿನ ದಡದಿಂದ ದ್ವೀಪವನ್ನು ಅಡ್ಡಕ್ಕೆ ಸೀಳಿ ಹೊರಗಡಲಿನ ದಡದವರೆಗೆ ಚಾಚಿರುತ್ತದೆ, ಆದ್ದರಿಂದ ಪ್ರತಿಯೊಂದು ಕುಲಕ್ಕೂ ಎರಡೂ ಕಡೆಯ ನೀರು, ನಡುವಿನ ತೋಟ ಎಲ್ಲ ಸ್ವಲ್ಪ ಸ್ವಲ್ಪ ಸಿಗುತ್ತದೆ. ಹಕ್ಕು ಮುಖ್ಯವಾಗಿ ತಾಯಿಯ ಕಡೆಯಿಂದ ಬರುತ್ತದೆ (ಕರಾವಳಿಯ ಅಳಿಯಕಟ್ಟು ಬಲ್ಲವರಿಗೆ ಇದರಲ್ಲಿ ಹೊಸದೇನೂ ಕಾಣಲಿಕ್ಕಿಲ್ಲ). ಒಂದೇ ಪಟ್ಟಿಯ ಮೇಲೆ ಮೂರು ಬಗೆಯ ಹಕ್ಕುದಾರರಿರುತ್ತಾರೆ: ಒಡೆಯನಾದ ಇರೋಜ್, ಕುಲದ ಹಿರಿಯನೋ ಹಿರಿಯಳೋ ಆದ ಅಲಾಪ್, ನೆಲದಲ್ಲಿ ದುಡಿಯುವ ರಿಜೆರ್ಬಾಲ್. ಸೇನೆಯ ಬಾಡಿಗೆ ಬಂದಾಗ ಅದನ್ನು ಈ ಮೂರು ವರ್ಗಗಳ ನಡುವೆ ಮೂರು ಸಮಪಾಲಾಗಿ ಹಂಚುವುದು ರೂಢಿಯಾಯಿತು. ಕಾಗದದ ಮೇಲೆ ಇದು ನ್ಯಾಯವಾಗಿಯೇ ಕಾಣುತ್ತದೆ. ಆದರೆ ಇರೋಜ್‌ಗಳು ಕೆಲವೇ ಮಂದಿ, ರಿಜೆರ್ಬಾಲ್‌ಗಳು ಸಾವಿರಾರು. ಮೂರನೆಯ ಒಂದು ಪಾಲು ಒಂದು ಕಡೆ ಕೆಲವೇ ಮನೆತನಗಳಿಗೆ, ಇನ್ನೊಂದು ಕಡೆ ಸಾವಿರಾರು ಕೈಗಳಿಗೆ ಹೋಗುತ್ತದೆ. ಇನ್ನೂ ಮುಖ್ಯವಾದದ್ದೆಂದರೆ, ಈಬೈಯಲ್ಲಿ ವಾಸಿಸುವವರಲ್ಲಿ ಬಹಳ ಜನ ಬೇರೆ ಅಟಾಲ್‌ಗಳ ಮೂಲದವರಾದ್ದರಿಂದ ಗುತ್ತಿಗೆಯ ನೆಲದಲ್ಲಿ ಅವರಿಗೆ ಹಕ್ಕೇ ಇಲ್ಲ. ಆದ್ದರಿಂದ ಬಾಡಿಗೆಯನ್ನು "ಊರಿಗೆ ಬರುವ ಹಣ" ಎಂದು ಲೆಕ್ಕ ಹಾಕುವುದು ಸರಿಯಲ್ಲ. ಅದು ಭೂಮಾಲೀಕರಿಗೆ ಬರುವ ಹಣ. ಊರಿನ ಕೊಳವೆ, ಚರಂಡಿ, ಶಾಲೆಗೆ ಬೇರೆ ಬಾಬ್ತಿನಿಂದ ಹಣ ಬರಬೇಕು, ಬಂದಾಗಲೂ ಸಾಕಷ್ಟು ಬರುತ್ತಿರಲಿಲ್ಲ.

ಹಾಗೆಂದು ಒಡೆಯರನ್ನಷ್ಟೇ ದೂರಿ ಕೈತೊಳೆದುಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. 1964ರಲ್ಲಿ ಕ್ವಾಜಲೀನ್ ದ್ವೀಪದ 750 ಎಕರೆಗೆ 99 ವರ್ಷದ ಗುತ್ತಿಗೆಯೆಂದು ಅಮೆರಿಕ ಒಟ್ಟಾಗಿ ಕೊಟ್ಟದ್ದು 7,50,000 ಡಾಲರ್. ಎಕರೆಗೆ ವರ್ಷಕ್ಕೆ ಹತ್ತು ಡಾಲರೆಂದು ಲೆಕ್ಕ. ಜಗತ್ತಿನ ಅತಿ ದುಬಾರಿ ಶಸ್ತ್ರಾಸ್ತ್ರಗಳನ್ನು ಪರೀಕ್ಷಿಸುವ ನೆಲದ ಬೆಲೆ ಅದು. ಜನ ಸುಮ್ಮನಿರಲಿಲ್ಲ. 1960ರ ದಶಕದ ಕೊನೆಯಿಂದಲೇ ಭೂಮಾಲೀಕರೂ ಅವರ ಕುಟುಂಬಗಳೂ ದೋಣಿಗಳಲ್ಲಿ ಹೋಗಿ ನಿಷೇಧಿತ ದ್ವೀಪಗಳಲ್ಲಿ ಇಳಿದು ಕೂರುವ ಚಳವಳಿ ನಡೆಯಿತು. ಅವುಗಳಲ್ಲಿ ದೊಡ್ಡದು 1982ರದು. ಸುಮಾರು ಸಾವಿರ ಮಂದಿ, ಹೆಂಗಸರೂ ಮಕ್ಕಳೂ ಸೇರಿ, ಜೂನ್‌ನಿಂದ ಅಕ್ಟೋಬರ್‌ವರೆಗೆ ತಮ್ಮ ಸ್ವಂತ ದ್ವೀಪಗಳಲ್ಲಿ ಡೇರೆ ಹೊಡೆದು ಕುಳಿತರು. ಅದಕ್ಕೆ ಅವರು ಇಟ್ಟ ಹೆಸರು "ಮನೆಗೆ ಮರಳುವ ಕಾರ್ಯಾಚರಣೆ". ಮಾರ್ಷಲ್ ದ್ವೀಪಗಳಿಗೆ ಸ್ವಾಡಳಿತ ಕೊಟ್ಟು ರಕ್ಷಣೆಯನ್ನು ಅಮೆರಿಕದ ಕೈಯಲ್ಲೇ ಇಡುವ "ಮುಕ್ತ ಸಹಭಾಗಿತ್ವ"ದ ಒಪ್ಪಂದದ ಕರಡಿನಲ್ಲಿದ್ದ 50 ವರ್ಷದ ನೆಲೆ ಬಳಕೆಯ ಅವಧಿ 30 ವರ್ಷಕ್ಕೆ ಇಳಿದದ್ದು, ಈಬೈಯ ಸುಧಾರಣೆಗೆಂದು ಪ್ರತ್ಯೇಕ ಹಣ ಮಂಜೂರಾದದ್ದು ಈ ಧರಣಿಯ ಫಲ. 1983ರ ಜನಮತಗಣನೆಯಲ್ಲಿ ದೇಶ ಒಟ್ಟಾರೆಯಾಗಿ ಈ ಒಪ್ಪಂದವನ್ನು ಒಪ್ಪಿದರೂ ಕ್ವಾಜಲೀನ್‌ನ ಮತದಾರರಲ್ಲಿ ಹೆಚ್ಚಿನವರು ಬೇಡವೆಂದರು. 1986ರಲ್ಲಿ ಒಪ್ಪಂದ ಜಾರಿಗೆ ಬಂದೇ ಬಂತು.

2003ರಲ್ಲಿ ಎರಡು ಸರ್ಕಾರಗಳು ಬಳಕೆಯ ಅವಧಿಯನ್ನು 2066ರವರೆಗೆ ವಿಸ್ತರಿಸಿಕೊಂಡವು, ಬೇಕಾದರೆ 2086ರವರೆಗೂ ಮುಂದುವರಿಸುವ ಅವಕಾಶವಿಟ್ಟುಕೊಂಡವು. ನೆಲ ತಮ್ಮದು, ತಮ್ಮನ್ನು ಕೇಳದೆ ಮಾಡಿದ ವಿಸ್ತರಣೆ ಒಪ್ಪಿಗೆಯಿಲ್ಲ ಎಂದು ಭೂಮಾಲೀಕರು 2011ರವರೆಗೂ ಸಹಿ ಹಾಕಲಿಲ್ಲ. ಅಷ್ಟು ವರ್ಷವೂ ಹೆಚ್ಚುವರಿ ಬಾಡಿಗೆಯ ಹಣ ಯಾರ ಕೈಗೂ ಸಿಗದೆ ಠೇವಣಿಯಲ್ಲಿ ಬಿದ್ದಿತ್ತು.

ಉತ್ತರ: ಸಂದೇಹಿ

ಮೇಲಿನ ಇಬ್ಬರ ಬರಹಗಳೂ ಮಾಹಿತಿಪೂರ್ಣವಾಗಿವೆ, ಆದರೆ ಎಲ್ಲವನ್ನೂ ಸೇನಾನೆಲೆಯ ತಲೆಗೆ ಕಟ್ಟುವುದು ಅತಿಯಾಯಿತೇನೋ. ಪೆಸಿಫಿಕ್ಕಿನ ಇನ್ನೊಂದು ದ್ವೀಪದೇಶವಾದ ಕಿರಿಬಾತಿಯ ತರಾವಾ ಅಟಾಲ್‌ನಲ್ಲಿರುವ ಬೆಟಿಯೊ ದ್ವೀಪವನ್ನು ನೋಡಿ. ಒಂದೂವರೆ ಚದರ ಕಿಲೋಮೀಟರಿನ ಆ ನೆಲದಲ್ಲಿ ಹದಿನೇಳು ಸಾವಿರಕ್ಕೂ ಹೆಚ್ಚು ಜನರಿದ್ದಾರೆ. 1943ರ ಭೀಕರ ಕಾಳಗವೊಂದನ್ನು ಬಿಟ್ಟರೆ ಅಲ್ಲಿ ಅಮೆರಿಕದ ನೆಲೆಯೂ ಇಲ್ಲ, ಕ್ಷಿಪಣಿಯೂ ಇಲ್ಲ. ಬಂದರು, ಸರ್ಕಾರಿ ಕೆಲಸ, ಶಾಲೆ, ಆಸ್ಪತ್ರೆ ಇರುವ ಕಡೆ ಹೊರ ದ್ವೀಪಗಳ ಜನ ಬಂದು ಸೇರುತ್ತಾರೆ. ಹಳ್ಳಿ ಬಿಟ್ಟು ಪೇಟೆಗೆ ಬರುವುದು ಎಲ್ಲ ದೇಶಗಳಲ್ಲೂ ಇರುವ ಸಂಗತಿ. 2011ರಲ್ಲಿ ಮಾರ್ಷಲ್ ದೇಶದ ಜನಸಂಖ್ಯೆಯ ಹತ್ತಿರಹತ್ತಿರ ಶೇಕಡಾ 40ರಷ್ಟು 15 ವರ್ಷದೊಳಗಿನ ಮಕ್ಕಳು. ಜನನ ಪ್ರಮಾಣದ ಮಾತನ್ನು ಯಾರೂ ಎತ್ತಲಿಲ್ಲವಲ್ಲ?

ಉತ್ತರ: ಇತಿಹಾಸಾಸಕ್ತ

ಸಂದೇಹಿ ಅವರೇ, ಬೆಟಿಯೊ ವಿಷಯದಲ್ಲಿ ನೀವು ಹೇಳಿದ್ದು ಸರಿ, ಜನನ ಪ್ರಮಾಣವೂ ಒಂದು ಕಾರಣವೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಬೆಟಿಯೊದಲ್ಲಿ ಕೆಲಸ ಇರುವ ಊರಿಗೆ ಬಂದವನು ಆ ಊರಿನಲ್ಲೇ ಮನೆ ಮಾಡುತ್ತಾನೆ. ಊರು ದಕ್ಷಿಣ ತರಾವಾ ಉದ್ದಕ್ಕೂ ಬೆಳೆಯುತ್ತಾ ಹೋಗಿದೆ. 1980ರ ದಶಕದಲ್ಲಿ ಕಟ್ಟಿದ ಏರಿರಸ್ತೆಯ ಮೂಲಕ ಬಸ್ಸಿನಲ್ಲಿ ಓಡಾಡಬಹುದು. ಕ್ವಾಜಲೀನ್‌ನಲ್ಲಿ ಕೆಲಸ ಇರುವ ದ್ವೀಪದಲ್ಲಿ ಮಾರ್ಷಲ್ ಕೆಲಸಗಾರ ರಾತ್ರಿ ತಂಗುವಂತಿಲ್ಲ. ಬೆಳಿಗ್ಗೆ ದೋಣಿ ಹತ್ತಿ, ಗುರುತಿನ ಚೀಟಿ ತೋರಿಸಿ, ಸಂಜೆ ಚೀಲವನ್ನು ತಪಾಸಣೆಗೆ ಕೊಟ್ಟು ಈಬೈಗೆ ಹಿಂದಿರುಗಬೇಕು. ಈಬೈಗಿಂತ ಎಂಟೊಂಬತ್ತು ಪಟ್ಟು ದೊಡ್ಡದಾದ ಆ ದ್ವೀಪದಲ್ಲಿ ಅಮೆರಿಕದಿಂದ ಬಂದ ಸಾವಿರದ ಆಸುಪಾಸು ಜನರು ಶಾಲೆ, ಈಜುಕೊಳ, ಗಾಲ್ಫ್ ಮೈದಾನಗಳೊಂದಿಗೆ ವಾಸಿಸುತ್ತಾರೆ. ಜನನ ಪ್ರಮಾಣ ಎರಡೂ ಕಡೆ ಒಂದೇ ಇದ್ದರೂ, ಬೇಲಿ ಎಲ್ಲಿದೆ ಎಂಬುದರ ಮೇಲೆ ಸಾಂದ್ರತೆ ನಿಲ್ಲುತ್ತದೆ.

ಉತ್ತರ: ನೀರಿನ ಲೆಕ್ಕ

ಕುಡಿಯುವ ನೀರಿನ ಯೋಜನೆಗಳಲ್ಲಿ ಕೆಲಸ ಮಾಡುವವನಾದ್ದರಿಂದ ನನಗೆ ಈಬೈಯ ಕಥೆಯಲ್ಲಿ ಮೊದಲು ಕಾಣುವುದು ನೀರು.

ಹವಳದ ದ್ವೀಪಗಳಲ್ಲಿ ನದಿಯಾಗಲಿ ಕೆರೆಯಾಗಲಿ ಇರುವುದಿಲ್ಲ. ಬಿದ್ದ ಮಳೆ ಮರಳಿನೊಳಗೆ ಇಳಿದು, ಉಪ್ಪುನೀರಿಗಿಂತ ಹಗುರವಾದ್ದರಿಂದ ಅದರ ಮೇಲೆ ತೆಳುವಾದ ಸಿಹಿನೀರಿನ ಪದರವಾಗಿ ನಿಲ್ಲುತ್ತದೆ. ದ್ವೀಪ ಅಗಲವಾಗಿದ್ದಷ್ಟೂ ಪದರ ದಪ್ಪ. ಈಬೈ ಬಲು ಕಿರಿದು, ಮೇಲೆ ಹತ್ತಿರ ಹತ್ತಿರ ಹತ್ತು ಸಾವಿರ ಜನ. ಆ ಪದರದಿಂದ ಕುಡಿಯಲು ನೀರು ಎತ್ತುವ ಮಾತೇ ಇಲ್ಲ. ಜನವರಿಯಿಂದ ಏಪ್ರಿಲ್‌ವರೆಗೆ ಮಳೆಯೂ ಕಡಿಮೆ. ಇಕ್ಕಟ್ಟಿನ ಜೊತೆಗೆ ನೀರಿನ ಕೊರತೆ ಸೇರಿದರೆ ಏನಾಗುತ್ತದೆ ಎಂಬುದಕ್ಕೆ ಆ ಊರಿನ ಆರೋಗ್ಯದ ಚರಿತ್ರೆಯೇ ಸಾಕ್ಷಿ. 1963ರಲ್ಲಿ ಪೋಲಿಯೊ ಹರಡಿತು. 2000ದ ಡಿಸೆಂಬರ್‌ನಲ್ಲಿ ಕಾಲರಾ ಬಂದು, ನೂರಕ್ಕೂ ಹೆಚ್ಚು ಮಂದಿ ಆಸ್ಪತ್ರೆ ಸೇರಿ, ಆರು ಮಂದಿ ಸತ್ತರು. ಈ ಕಾಲರಾದ ತನಿಖೆ ನಮ್ಮಂಥವರಿಗೆ ಪಾಠವಾಗುವಂಥದ್ದು. ಈಬೈಯವರು ಪಕ್ಕದ ನೆಲೆಯ ನಲ್ಲಿಗಳಿಂದ ನೀರನ್ನು ಡಬ್ಬಿ, ಕ್ಯಾನುಗಳಲ್ಲಿ ತುಂಬಿಸಿಕೊಂಡು ದೋಣಿಯಲ್ಲಿ ತರುತ್ತಿದ್ದರು. ಹಾಗೆ ಸಾಗಿಸಿ ಮನೆಯಲ್ಲಿ ಶೇಖರಿಸಿಟ್ಟ ನೀರಿಗೂ ರೋಗಕ್ಕೂ ನಂಟಿರುವುದು ಕಂಡುಬಂತು. ಸಾಕಷ್ಟು ಕ್ಲೋರಿನ್ ಇದ್ದ ನೀರು ಕುಡಿದವರು ಪಾರಾದರು. ನಲ್ಲಿಯಿಂದ ತುಟಿಯವರೆಗಿನ ದಾರಿ ಉದ್ದವಾದಷ್ಟೂ ನೀರು ಕೆಡುವ ಅವಕಾಶ ಹೆಚ್ಚು, ಅಷ್ಟೇ.

ಆ ಕ್ಯಾನುಗಳ ಬಗ್ಗೆ ಇನ್ನೊಂದು ಮಾತು. ವರ್ಷಗಟ್ಟಲೆ ಈಬೈಯ ನಲ್ಲಿಗಳಲ್ಲಿ ವಾರಕ್ಕೆ ಎರಡು ಸಲ, ಅದೂ ಒಂದು ಗಂಟೆಗಿಂತ ಕಡಿಮೆ ಹೊತ್ತು ನೀರು ಬರುತ್ತಿತ್ತು. ಕೊಳವೆ ಖಾಲಿಯಾದಾಗ ಸುತ್ತಲಿನ ಕೊಳಕು ನೀರು ಬಿರುಕುಗಳ ಮೂಲಕ ಒಳಕ್ಕೆ ಎಳೆದುಕೊಳ್ಳುತ್ತದೆ ಎಂಬುದು, ಮಧ್ಯಂತರ ಪೂರೈಕೆಯಿರುವ ನಮ್ಮ ಊರುಗಳ ಎಂಜಿನಿಯರುಗಳಿಗೆ ಹೇಳಿಕೊಡಬೇಕಾದ ವಿಷಯವಲ್ಲ. ಶೌಚಾಲಯಗಳಿಗೆ ಅಲ್ಲಿ ಸಮುದ್ರದ ನೀರಿನ ಪ್ರತ್ಯೇಕ ಕೊಳವೆ ಜಾಲವಿದೆ. ಸಿಹಿನೀರು ಉಳಿತಾಯವಾಗುತ್ತದೆಯಾದರೂ ಉಪ್ಪು ಪಂಪುಗಳನ್ನೂ ಕೊಳವೆಗಳನ್ನೂ ತಿಂದುಹಾಕುತ್ತದೆ. 2015ರಲ್ಲಿ ಏಷ್ಯಾ ಅಭಿವೃದ್ಧಿ ಬ್ಯಾಂಕು ಮತ್ತು ಆಸ್ಟ್ರೇಲಿಯ ಸರ್ಕಾರದ ನೆರವಿನಿಂದ ಮಂಜೂರಾದ ಯೋಜನೆಯಲ್ಲಿ ಸಮುದ್ರದ ನೀರನ್ನು ಸಿಹಿಗೊಳಿಸುವ ಹೊಸ ಘಟಕ ಬಂದು, ಕೊಳವೆ, ಚರಂಡಿಗಳ ದುರಸ್ತಿಯೂ ನಡೆದ ಮೇಲೆ ಪರಿಸ್ಥಿತಿ ಬಹಳಷ್ಟು ಸುಧಾರಿಸಿದೆ. ಆದರೆ ಇಂಥ ಘಟಕಕ್ಕೆ ಬೇಕಾದ ವಿದ್ಯುತ್ತು ಡೀಸೆಲ್ಲಿನಿಂದ, ಡೀಸೆಲ್ಲು ಹಡಗಿನಿಂದ. ಹಡಗು ತಡವಾದರೆ ನೀರೂ ತಡ.

ಹೆಸರಿನ ಬಗ್ಗೆ ನೀವು ಎತ್ತಿದ ಆಕ್ಷೇಪ ಸರಿಯಾಗಿದೆ. "ಕೊಳೆಗೇರಿ" ಎಂಬ ಪದ ಅಲ್ಲಿರುವವರ ಗುಣವನ್ನು ಹೇಳುವಂತೆ ಕೇಳಿಸುತ್ತದೆ, ಕೊಳವೆಗಳ ಗುಣವನ್ನಲ್ಲ.

ಪ್ರಶ್ನೆ ಕೇಳಿದವರು: ಭೂಪಟಪ್ರಿಯ

ಎಲ್ಲರಿಗೂ ಕೃತಜ್ಞತೆಗಳು. ಇಷ್ಟು ವಿವರ ನಿರೀಕ್ಷಿಸಿರಲಿಲ್ಲ. ಇನ್ನೊಂದೇ ಸಂದೇಹ. 2021ರ ಜನಗಣತಿಯಲ್ಲಿ ಮಾರ್ಷಲ್ ದೇಶದ ಜನಸಂಖ್ಯೆ 2011ರ 53,158ರಿಂದ 42,000ದ ಆಸುಪಾಸಿಗೆ ಇಳಿದಿದೆ, ಈಬೈಯಲ್ಲೂ ಎಂಟು ಸಾವಿರ ಚಿಲ್ಲರೆಯಷ್ಟೇ ಉಳಿದಿದ್ದಾರೆ. ಹಾಗಾದರೆ ಇಕ್ಕಟ್ಟು ತಾನಾಗಿಯೇ ಕಡಿಮೆಯಾಗುತ್ತಿದೆ ಎಂದು ಬರೆಯಬಹುದೇ?

ಉತ್ತರ: ಅರ್ಕಾನ್ಸಾಸ್ ಕನ್ನಡಿಗ

ಹಾಗೆ ಬರೆಯಬೇಡಿ ಎಂಬುದು ನನ್ನ ಕೋರಿಕೆ. ನಾನಿರುವುದು ಅಮೆರಿಕದ ಅರ್ಕಾನ್ಸಾಸ್ ರಾಜ್ಯದ ವಾಯುವ್ಯ ಮೂಲೆಯಲ್ಲಿ. ದೊಡ್ಡ ಚಿಲ್ಲರೆ ವ್ಯಾಪಾರ ಸಂಸ್ಥೆಯೊಂದರ ಸಾಫ್ಟ್‌ವೇರ್ ಕೆಲಸಕ್ಕೆಂದು ಬಂದ ಕನ್ನಡಿಗರ ಮನೆಗಳು ಈ ಭಾಗದಲ್ಲಿ ಬಹಳಷ್ಟಿವೆ. ಇಲ್ಲಿಂದ ಅರ್ಧ ಗಂಟೆಯ ದಾರಿಯಲ್ಲಿರುವ ಸ್ಪ್ರಿಂಗ್‌ಡೇಲ್ ಪಟ್ಟಣ ಅಮೆರಿಕದ ಮುಖ್ಯ ಭೂಭಾಗದಲ್ಲೇ ಮಾರ್ಷಲ್ ಜನರ ಅತಿ ದೊಡ್ಡ ನೆಲೆ. ಸುತ್ತಮುತ್ತ ಹತ್ತು ಸಾವಿರಕ್ಕೂ ಹೆಚ್ಚು ಮಂದಿ ಇದ್ದಾರೆ, ಅವರ ದೇಶದ ಕಾನ್ಸುಲೇಟ್ ಕಚೇರಿಯೂ ಇಲ್ಲಿದೆ. 1986ರ ಒಪ್ಪಂದದ ಪ್ರಕಾರ ಅವರು ವೀಸಾ ಇಲ್ಲದೆ ಬಂದು ಎಷ್ಟು ಕಾಲವಾದರೂ ಇದ್ದು ದುಡಿಯಬಹುದು. ಎಚ್-1ಬಿ ಲಾಟರಿಗೆ ಕೈಮುಗಿದು ಕಾಯುವ ನಮ್ಮವರಿಗೆ ಇದು ಅಸೂಯೆ ಹುಟ್ಟಿಸುವ ಸವಲತ್ತಿನಂತೆ ಕಾಣಬಹುದು. ಆದರೆ ಹೆಚ್ಚಿನವರು ದುಡಿಯುವುದು ಕೋಳಿಮಾಂಸದ ಕಾರ್ಖಾನೆಗಳಲ್ಲಿ, ಚಳಿಯ ಕೋಣೆಯಲ್ಲಿ ನಿಂತು, ಓಡುವ ಪಟ್ಟಿಯ ಮೇಲೆ ಬರುವ ಕೋಳಿಯನ್ನು ಕತ್ತರಿಸುವ ಕೆಲಸದಲ್ಲಿ. 1996ರ ಕಾಯ್ದೆಯೊಂದು ಅವರನ್ನು ಬಡವರ ವೈದ್ಯಕೀಯ ನೆರವಿನ ಯೋಜನೆಯಿಂದ ಹೊರಗಿಟ್ಟಿತ್ತು. ಅದು ಮರಳಿ ಸಿಕ್ಕಿದ್ದು 2020ರ ಡಿಸೆಂಬರ್‌ನಲ್ಲಿ. ಅಷ್ಟರಲ್ಲಿ ಕೋವಿಡ್ ಈ ಸಮುದಾಯದಲ್ಲಿ ತನ್ನ ಸಂಖ್ಯೆಗೆ ಮೀರಿದ ಸಾವುಗಳನ್ನು ಉಂಟುಮಾಡಿತ್ತು.

ಮಗುವಿನ ಮೊದಲ ವರ್ಷದ ಹುಟ್ಟುಹಬ್ಬವನ್ನು ಅವರು ಕೆಮೆಮ್ ಎಂದು ಬಹಳ ದೊಡ್ಡದಾಗಿ ಮಾಡುತ್ತಾರೆ. ನೆರೆಯವರ ಕರೆಯ ಮೇರೆಗೆ ಒಂದಕ್ಕೆ ಹೋಗಿದ್ದೆ. ಸಭಾಂಗಣದ ತುಂಬ ನೂರಾರು ಜನ, ಅನ್ನದ ದೊಡ್ಡ ದೊಡ್ಡ ತಟ್ಟೆಗಳು, ಬಂದವರೆಲ್ಲ ಸಾಲಾಗಿ ಹಾಡುತ್ತ ಹೋಗಿ ಮಗುವಿನ ಮುಂದೆ ನೋಟುಗಳನ್ನು ಇಡುತ್ತಿದ್ದರು. ನನ್ನ ಪಕ್ಕದಲ್ಲಿ ಕುಳಿತ ಹಿರಿಯರು ಈಬೈಯಲ್ಲಿ ಹುಟ್ಟಿ ಬೆಳೆದವರು. ಅಲ್ಲಿ ಜಾಗ ಸಾಲದೆ ಬಂದಿರಾ ಎಂದು ಕೇಳಿದ್ದಕ್ಕೆ ಅವರು ನಕ್ಕು, ಜಾಗಕ್ಕೆ ಅಲ್ಲ, ಡಯಾಲಿಸಿಸ್‌ಗೆ ಬಂದೆ ಎಂದರು. ಸಕ್ಕರೆ ಕಾಯಿಲೆ ಆ ದೇಶವನ್ನು ಬಹಳ ಹಿಂಡುತ್ತಿದೆ, ಡಬ್ಬಿಯ ಆಹಾರದ ಬಗ್ಗೆ ಮೇಲೆ ಬರೆದದ್ದನ್ನು ಇದರೊಂದಿಗೆ ಸೇರಿಸಿ ಓದಿ. ಇಳಿದ ಸಂಖ್ಯೆಯಲ್ಲಿ ದುಡಿಯುವ ವಯಸ್ಸಿನವರು, ಕಾಯಿಲೆಯವರು, ಅವರನ್ನು ನೋಡಿಕೊಳ್ಳುವವರು ಇದ್ದಾರೆ. ಹೊರಟವರ ಜಾಗ ಖಾಲಿ ಬೀಳುವುದೂ ಕಡಿಮೆ, ನೆಂಟರು ತುಂಬುತ್ತಾರೆ.

ಉತ್ತರ: ಇತಿಹಾಸಾಸಕ್ತ

ಕೊನೆಯದಾಗಿ ಒಂದೆರಡು ಸಂಗತಿಗಳನ್ನು ಸೇರಿಸುತ್ತೇನೆ, ಪಾಠಕ್ಕೆ ಉಪಯೋಗವಾದೀತು. ಸ್ಪೇಸ್‌ಎಕ್ಸ್ ಕಂಪನಿಯ ಫಾಲ್ಕನ್-1 ರಾಕೆಟ್ 2008ರ ಸೆಪ್ಟೆಂಬರ್ 28ರಂದು ಮೊದಲ ಬಾರಿಗೆ ಕಕ್ಷೆ ತಲುಪಿದ್ದು ಇದೇ ಅಟಾಲ್‌ನ ಓಮೆಲೆಕ್ ದ್ವೀಪದಿಂದ. ಆ ಹೆಸರು ಹೇಳಿದರೆ ಹಿಂದಿನ ಬೆಂಚಿನವರೂ ಕಿವಿ ನಿಮಿರಿಸುತ್ತಾರೆ.

ಎರಡನೆಯದು ಸಮುದ್ರದ ಮಟ್ಟ. ಈ ದ್ವೀಪಗಳ ಸರಾಸರಿ ಎತ್ತರ ಸುಮಾರು ಎರಡು ಮೀಟರ್. ಕ್ವಾಜಲೀನ್ ಅಟಾಲ್‌ನ ರೋಯ್-ನಮೂರ್ ದ್ವೀಪದಲ್ಲಿ, ಅಮೆರಿಕದ ರಕ್ಷಣಾ ಇಲಾಖೆಯದೇ ಹಣದಿಂದ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ದ್ವೀಪಗಳು ಮುಳುಗುವ ಬಹಳ ಮೊದಲೇ, ಈ ಶತಮಾನದ ನಡುಭಾಗದ ಹೊತ್ತಿಗೆ, ಮೇಲೇರಿ ಬರುವ ಅಲೆಗಳು ಸಿಹಿನೀರಿನ ಪದರವನ್ನು ಪದೇ ಪದೇ ಕೆಡಿಸಿ ಇಂಥ ಅಟಾಲ್‌ಗಳಲ್ಲಿ ಹೆಚ್ಚಿನವನ್ನು ವಾಸಕ್ಕೆ ಅಯೋಗ್ಯ ಮಾಡಲಿವೆ. 2024ರ ಜನವರಿಯಲ್ಲಿ ಅಂಥದೇ ಅಲೆಗಳು ಅದೇ ರೋಯ್-ನಮೂರ್‌ಗೆ ನುಗ್ಗಿ, ಅಲ್ಲಿದ್ದ ಸಿಬ್ಬಂದಿಯಲ್ಲಿ ಹೆಚ್ಚಿನವರನ್ನು ಕ್ವಾಜಲೀನ್ ದ್ವೀಪಕ್ಕೆ ಸಾಗಿಸಬೇಕಾಯಿತು. ಸೇನೆಗೆ ಸಾಗಲು ಇನ್ನೊಂದು ದ್ವೀಪವಿತ್ತು. ಈಬೈಗೆ ವಿಶ್ವಬ್ಯಾಂಕಿನ ನೆರವಿನಿಂದ ಹೊರಗಡಲಿನ ಕಡೆ ತಡೆಗೋಡೆಯ ಯೋಜನೆಯಿದೆ. 2023ರಲ್ಲಿ ನವೀಕರಣಗೊಂಡ ಒಪ್ಪಂದದಲ್ಲಿ ಮಾರ್ಷಲ್ ದೇಶಕ್ಕೆ 20 ವರ್ಷಗಳಲ್ಲಿ ಸುಮಾರು 230 ಕೋಟಿ ಡಾಲರ್ ಬರುವುದೆಂದಾಗಿದೆ. ನೆಲೆಯ ಗುತ್ತಿಗೆ ಮೊದಲೇ ಹೇಳಿದಂತೆ 2066ರವರೆಗೆ. ಶತಮಾನದ ನಡುಭಾಗದ ಬಗ್ಗೆ ಆ ಅಧ್ಯಯನ ಹೇಳಿದ್ದನ್ನೂ ಗುತ್ತಿಗೆಯ ಈ ಇಸವಿಯನ್ನೂ ಕಪ್ಪುಹಲಗೆಯ ಮೇಲೆ ಒಂದರ ಕೆಳಗೊಂದು ಬರೆದು, ಪಕ್ಕದ ದ್ವೀಪದ ಪ್ರಶ್ನೆ ಕೇಳಿದ ನಿಮ್ಮ ವಿದ್ಯಾರ್ಥಿನಿಯನ್ನೇ ಲೆಕ್ಕ ಮಾಡಲು ಹೇಳಿ ನೋಡಿ.